ಕರು ಕಲಿಸಿದ ಪಾಠ: ಹಾಲು ಕರೆಯುವ ಯಂತ್ರ ಕೊಳ್ಳುವ ಮುನ್ನ



ಕೆಲವು ತಿಂಗಳ ಹಿಂದೆ ಕೆಚ್ಚಲುಬಾವಿನ ಚಿಕಿತ್ಸೆಗೆಂದು ಒಂದು ಮನೆಗೆ ಹೋಗಿದ್ದೆ. ನಾಲ್ಕು ಹಸುಗಳಲ್ಲಿ ಎರಡಕ್ಕೆ ಬಾವು. "ಮಿಷಿನ್ ತಂದು ಮೂರು ತಿಂಗಳಾಯ್ತು ಮೇಡಂ. ನನಗೇ ಸರಿಯಾಗಿ ಹಾಕೋಕೆ ಬರಲ್ಲ ಅನ್ಸುತ್ತೆ" ಎಂದು ಆ ತಾಯಿ ತಮ್ಮನ್ನೇ ಬೈದುಕೊಂಡರು. ಯಂತ್ರ ಚಾಲೂ ಮಾಡಿಸಿ, ಮೊಲೆತೊಟ್ಟಿಗೆ ಹಾಕುವ ಕಪ್‌ನೊಳಗೆ ಹೆಬ್ಬೆರಳು ಇಟ್ಟೆ. ಅದು ಬೆರಳನ್ನು ಎಳೆಯುತ್ತಿತ್ತು, ಬಿಡುತ್ತಿರಲಿಲ್ಲ. ಪಲ್ಸೇಟರಿನ ಗಾಳಿ ರಂಧ್ರ ದೂಳಿನಿಂದ ಕಟ್ಟಿಕೊಂಡಿತ್ತು. ಅದನ್ನು ಬಿಚ್ಚಲು ಬೇಕಾದ ಸ್ಪ್ಯಾನರ್ ಅವರ ಮನೆಯಲ್ಲಿರಲಿಲ್ಲ. ಬಿಚ್ಚಿ ಶುಚಿ ಮಾಡಬೇಕೆಂದು ಯಾರೂ ಹೇಳಿಯೂ ಇರಲಿಲ್ಲ. ತಪ್ಪು ಆ ತಾಯಿಯದಲ್ಲ, ಬಳಸುವವರನ್ನು ನೆನೆಯದೆ ಮಾಡಿದ ವಿನ್ಯಾಸದ್ದು.

ಯಂತ್ರ ಬೆಳೆದ ಬಗೆ

ಕರು ಹಾಲು ಕುಡಿಯುವುದನ್ನು ಗಮನಿಸಿ. ಒಂದೇ ಸಮನೆ ಎಳೆಯುವುದಿಲ್ಲ. ಎಳೆಯುತ್ತದೆ, ನುಂಗುತ್ತದೆ, ಮತ್ತೆ ಎಳೆಯುತ್ತದೆ. ನುಂಗುವ ಆ ಕ್ಷಣದಲ್ಲಿ ಮೊಲೆತೊಟ್ಟಿಗೆ ಬಿಡುವು ಸಿಗುತ್ತದೆ.

1889ರಲ್ಲಿ ಸ್ಕಾಟ್ಲೆಂಡಿನ ವಿಲಿಯಂ ಮರ್ಚ್‌ಲ್ಯಾಂಡ್ ಮಾಡಿದ ಯಂತ್ರ ಬಿಡುವಿಲ್ಲದೆ ಎಳೆಯುತ್ತಿತ್ತು. ಹಾಗೆ ಎಳೆದರೆ ಮೊಲೆತೊಟ್ಟಿನ ತುದಿಯಲ್ಲಿ ರಕ್ತ ಕಟ್ಟಿಕೊಂಡು ಊತ, ನೋವು ಬರುತ್ತದೆ. 1895ರಲ್ಲಿ ಅಲೆಕ್ಸಾಂಡರ್ ಶೀಲ್ಸ್ ಅವರ 'ಥಿಸಲ್' ಯಂತ್ರ ಎಳೆದು ಬಿಡುವ ಕ್ರಮ ತಂದಿತು. ಮುಂದೆ 1903ರ ಸುಮಾರಿಗೆ ಆಸ್ಟ್ರೇಲಿಯಾದ ಅಲೆಕ್ಸಾಂಡರ್ ಗಿಲ್ಲೀಸ್ ಎರಡು ಕೋಣೆಯ ಕಪ್ ರೂಪಿಸಿದರು. ಹೊರಗೆ ಗಟ್ಟಿ ಕವಚ, ಒಳಗೆ ರಬ್ಬರ್ ಲೈನರ್. ಇವೆರಡರ ನಡುವಿನ ಗಾಳಿ ತೆಗೆದಾಗ ಲೈನರ್ ತೆರೆದು ಹಾಲು ಬರುತ್ತದೆ. ಗಾಳಿ ಬಿಟ್ಟಾಗ ಲೈನರ್ ಮುಚ್ಚಿ ಮೊಲೆತೊಟ್ಟನ್ನು ಒತ್ತಿ ನೀವುತ್ತದೆ. ನಿಮಿಷಕ್ಕೆ ಸುಮಾರು 60 ಬಾರಿ ಹೀಗೆ ನಡೆಯಬೇಕು. ಇದನ್ನು ನಡೆಸುವುದೇ ಪಲ್ಸೇಟರ್.

ಯಂತ್ರ ಸುಧಾರಿಸಿದ್ದು ಎಳೆತ ಹೆಚ್ಚಿಸಿದ್ದರಿಂದಲ್ಲ, ಹಸುವಿಗೆ ಏನು ಬೇಕೆಂದು ನೋಡಿದ್ದರಿಂದ. ಯಂತ್ರ ಇಬ್ಬರಿಗೆ ಒಗ್ಗಬೇಕು: ಹಸುವಿನ ಕೆಚ್ಚಲಿಗೆ, ನಿಮ್ಮ ಕೈಗೆ.

ಕೊಳ್ಳುವ ಮುನ್ನ ಕೇಳಿ

1. ಲೈನರ್ ಅಳತೆ ನಿಮ್ಮ ರಾಸಿಗೆ ಹೊಂದುತ್ತದೆಯೇ? ಎಮ್ಮೆಯ ಮೊಲೆತೊಟ್ಟು ಸಾಮಾನ್ಯವಾಗಿ ಉದ್ದ, ದಪ್ಪ. ಹಸುವಿನ ಲೈನರ್ ಅದಕ್ಕೆ ಸರಿಹೋಗದಿರಬಹುದು.
2. ಹಾಲು ತಾಗುವ ಪ್ರತಿ ಭಾಗವನ್ನೂ ನೀವೇ ಬಿಚ್ಚಿ, ಬ್ರಷ್ ಹಾಕಿ ತೊಳೆಯಬಹುದೇ? ಮಾರಾಟಗಾರರ ಎದುರೇ ಒಮ್ಮೆ ಬಿಚ್ಚಿ ಜೋಡಿಸಿ ನೋಡಿ.
3. ಹಾಲು ತುಂಬಿದ ಬಕೆಟ್ ಎತ್ತಲು ನಿಮ್ಮಿಂದಾಗುತ್ತದೆಯೇ? 20 ಲೀಟರ್ ಹಾಲೆಂದರೆ 20 ಕಿಲೋಗಿಂತ ಹೆಚ್ಚು. ಬಕೆಟ್ ತೂಕ ಬೇರೆ.
4. ಕರೆಂಟ್ ಹೋದರೆ ಏನು ದಾರಿ? ಲೈನರ್, ಪೈಪು ಹತ್ತಿರದ ಪೇಟೆಯಲ್ಲಿ ಸಿಗುತ್ತವೆಯೇ?

ಸಾಲ ಮಾಡಿ ತರುವ ಯಂತ್ರ. ಕೇಳಲು ಸಂಕೋಚ ಬೇಡ.

ಬಳಸುವಾಗ

- ವಾರಕ್ಕೊಮ್ಮೆ ಕೈ ತೊಳೆದು ಕಪ್‌ನೊಳಗೆ ಹೆಬ್ಬೆರಳಿಟ್ಟು ನೋಡಿ. ಎಳೆದು ಬಿಡುವುದು ತಿಳಿಯಬೇಕು.
- ಮೊದಲ ಹಾಲನ್ನು ಕೈಯಿಂದ ಕರೆದು, ಗೆಡ್ಡೆಯಿದೆಯೇ ಪರೀಕ್ಷಿಸಿ. ಹಸು ಸೊರ ಬಿಟ್ಟ ಮೇಲೆಯೇ ಕಪ್ ಹಾಕಿ.
- ಹಾಲು ನಿಂತ ಕೂಡಲೇ ಮೊದಲು ಎಳೆತ ನಿಲ್ಲಿಸಿ, ನಂತರ ಕಪ್ ತೆಗೆಯಿರಿ. ಜಗ್ಗಬೇಡಿ.
- ಬಿರುಕು ಬಿಟ್ಟ, ಸಡಿಲವಾದ ಲೈನರ್ ಬದಲಿಸಿ. ಚೆನ್ನಾಗಿ ಕಂಡರೂ ಯಂತ್ರದ ಕೈಪಿಡಿ ಹೇಳಿದ ಅವಧಿ ಮೀರಿಸಬೇಡಿ.
- ಕಪ್ ತೆಗೆದಾಗ ಮೊಲೆತೊಟ್ಟು ನೀಲಿಗಟ್ಟಿದ್ದರೆ, ಗಟ್ಟಿಯಾಗಿದ್ದರೆ, ಅಥವಾ ಸಾಧು ಹಸು ಒದೆಯತೊಡಗಿದರೆ, ಹಸುವನ್ನು ಗದರುವ ಮೊದಲು ಯಂತ್ರ ಪರೀಕ್ಷಿಸಿ.

ತೊಂದರೆ ಕಂಡರೆ ಮಾರಿದವರಿಗೂ ನಿಮ್ಮ ಸಂಘದ ಕಾರ್ಯದರ್ಶಿಗೂ ತಿಳಿಸಿ. "ಇದನ್ನು ಬಿಚ್ಚಲಾಗದು, ಇದು ಭಾರ" ಎಂಬ ನಿಮ್ಮ ಮಾತು ಗೊಣಗಾಟವಲ್ಲ. ಮುಂದಿನ ಯಂತ್ರ ಸುಧಾರಿಸುವುದು ಅದರಿಂದಲೇ. ಆ ತಾಯಿಯ ಹಸುಗಳು ಚಿಕಿತ್ಸೆಯಿಂದ ಗುಣವಾದವು, ಆದರೆ ಒಂದರ ಒಂದು ಮೊಲೆತೊಟ್ಟು ಬತ್ತಿಹೋಯಿತು. ಅಂಥ ನಷ್ಟ ನಿಮಗಾಗದಿರಲಿ. ನಾಳೆ ಬೆಳಗಿನ ಕರಾವಿಗೆ ಮುನ್ನ ಒಮ್ಮೆ ಹೆಬ್ಬೆರಳಿಟ್ಟು ನೋಡಿ.