ಕಾರ್ಡು ನಮ್ಮದು, ಬೆಲೆ ಯಾರದು?

ದೀಪಾವಳಿಯ ರಜೆಗೆ ಮುಂಚೆ, ಕಬ್ಬು ಕಡಿಯಲು ಹೊರಟಿದ್ದ ಪಾಲಕರೊಬ್ಬರು ಶಾಲೆಗೆ ಬಂದು ಕೇಳಿದರು: “ಗುರುಗಳ, ಹುಡುಗ ಎರಡು ಸಾವಿರ ರೂಪಾಯಿ ಬೇಡಾಕತ್ತಾನ್ರಿ. ಮೊಬೈಲಿನ್ಯಾಗ ಆಟದ ಕಾರ್ಡ್ ತೊಗೊಂಡ್ರ ಅದು ಅವನ ಹೆಸರಿಲೇ ಆಗತೈತಂತ, ಮುಂದ ಮಾರಿದ್ರ ದುಪ್ಪಟ್ಟು ಬರತೈತಂತ. ಕೊಡ್ಲೋ ಬ್ಯಾಡೋ?” ನಾನು “ತುಸು ತಡೆಯಿರಿ” ಎಂದೆನೇ ಹೊರತು ಕಾರಣವನ್ನು ಹೇಳಲಾರದೆ ಹೋದೆನು. ಕಾರಣ ಹೇಳದ ನಿಷೇಧವು ಬಾಲಕರ ಮನಸ್ಸಿಗೆ ಒಪ್ಪುವುದಿಲ್ಲ. ಆದುದರಿಂದ ಆ ಬಳಿಕ ಅಭ್ಯಾಸಮಾಡಿ ತಿಳಿದುಕೊಂಡುದನ್ನು ಈ ಪಾಠದ ರೂಪದಲ್ಲಿ ವಿದ್ಯಾರ್ಥಿಗಳ ಮತ್ತು ಪಾಲಕರ ಮುಂದಿಡುತ್ತಿದ್ದೇನೆ.

1. ಆಟದ ಸ್ವರೂಪ

ಕಾರ್ಡುಗಳನ್ನು ಸಂಗ್ರಹಿಸಿ, ಒಬ್ಬರಿಗೊಬ್ಬರು ಬದಲಾಯಿಸಿಕೊಂಡು, ಅವುಗಳಿಂದಲೇ ಪಂದ್ಯವಾಡುವ ಪದ್ಧತಿಗೆ ದಾರಿ ತೆರೆದುದು ‘ಮ್ಯಾಜಿಕ್: ದ ಗ್ಯಾದರಿಂಗ್’ ಎಂಬ ಆಟ. ಇದನ್ನು ಅಮೇರಿಕದ ಗಣಿತಜ್ಞ ರಿಚರ್ಡ್ ಗಾರ್ಫೀಲ್ಡ್ ರಚಿಸಿದನು. 1993ರಲ್ಲಿ ಅದು ಪ್ರಕಟವಾಯಿತು. ಅಲ್ಲಿಯದು ಕಾಗದದ ಕಾರ್ಡು. ಕೈಯಲ್ಲಿ ಹಿಡಿದವನೇ ಅದರ ಒಡೆಯ. ಮುಂದೆ ಇಂಥ ಆಟಗಳು ಗಣಕಯಂತ್ರಕ್ಕೂ ಮೊಬೈಲಿಗೂ ಬಂದಾಗ, ಅನೇಕ ಆಟಗಳಲ್ಲಿ ಕಾರ್ಡೆಂಬುದು ಕಂಪನಿಯ ಯಂತ್ರದೊಳಗಿನ ಒಂದು ನಮೂದು ಮಾತ್ರವಾಯಿತು. ಹಣ ತೆತ್ತವನು ಅದನ್ನು ಮಾರಲಾರ, ಗೆಳೆಯನಿಗೆ ಕೊಡಲಾರ.

ಈ ಕೊರತೆಯನ್ನು ನೀಗಿಸುವೆವೆಂದು ಬಂದವು ಬ್ಲಾಕ್‌ಚೈನ್ ಆಧಾರದ ಕಾರ್ಡಿನ ಆಟಗಳು. ಅವುಗಳಲ್ಲಿ ಹೆಸರಾದುದು ‘ಗಾಡ್ಸ್ ಅನ್‌ಚೈನ್ಡ್’. ಆಸ್ಟ್ರೇಲಿಯದ ಸಿಡ್ನಿ ನಗರದ ಕಂಪನಿಯೊಂದು 2018ರಲ್ಲಿ ಇದರ ಕಾರ್ಡುಗಳ ಮಾರಾಟವನ್ನು ಆರಂಭಿಸಿತು. ಇಬ್ಬರು ಆಟಗಾರರು ತಲಾ 30 ಕಾರ್ಡುಗಳ ಕಟ್ಟನ್ನು ಕಟ್ಟಿಕೊಂಡು ಎದುರುಬದುರಾಗುತ್ತಾರೆ. ಎದುರಾಳಿಯ ದೇವತೆಗಿರುವ 30 ಅಂಶಗಳ ಪ್ರಾಣಬಲವನ್ನು ಸೊನ್ನೆಗಿಳಿಸಿದವನು ಗೆದ್ದಂತೆ. ಲೆಕ್ಕ, ಯೋಜನೆ, ಸಮಯಜ್ಞಾನ ಇವು ಬೇಕಾಗುವ ಆಟವಿದು. ಆಟವೆಂಬ ಮಾತ್ರಕ್ಕೆ ಇದನ್ನು ಹಳಿಯಬೇಕಾಗಿಲ್ಲ.

2. ಎಲ್ಲರ ಬಳಿಯೂ ಇರುವ ಖಾತೆಪುಸ್ತಕ

ಬ್ಲಾಕ್‌ಚೈನ್ ಎಂದರೇನು? ಊರಿನ ಲೆಕ್ಕದ ಪುಸ್ತಕವು ಒಬ್ಬ ಶಾನುಭೋಗನ ಬಳಿ ಇರದೆ, ಅದರ ಒಂದೊಂದು ಪ್ರತಿಯು ಸಾವಿರಾರು ಮನೆಗಳಲ್ಲಿ ಇದೆಯೆಂದು ಭಾವಿಸಿರಿ. ಹೊಸ ಪುಟ ಬರೆದಾಗಲೆಲ್ಲ ಹಿಂದಿನ ಪುಟದ ಅಕ್ಷರಗಳಿಂದಲೇ ಗಣಿತದ ಮೂಲಕ ತೆಗೆದ ಒಂದು ಗುರುತನ್ನು ಹೊಸ ಪುಟದ ತಲೆಗೆ ಬರೆಯುತ್ತಾರೆ. ಹಳೆಯ ಪುಟದಲ್ಲಿ ಒಂದು ಅಂಕಿಯನ್ನು ತಿದ್ದಿದರೂ ಗುರುತು ಬದಲಾಗುವುದರಿಂದ ಮುಂದಿನ ಪುಟಗಳೆಲ್ಲ ತಾಳೆ ತಪ್ಪುತ್ತವೆ, ಕಳ್ಳತನವು ಬಯಲಾಗುತ್ತದೆ. ಸತೋಶಿ ನಾಕಾಮೋಟೋ ಎಂಬ ಗುಪ್ತನಾಮದಲ್ಲಿ 2008ರಲ್ಲಿ ಹೊರಬಂದ ಲೇಖನವೊಂದು ಈ ಕ್ರಮದಿಂದ ನಡೆಯುವ ‘ಬಿಟ್‌ಕಾಯಿನ್’ ನಾಣ್ಯವನ್ನು ವಿವರಿಸಿತು. 2015ರಲ್ಲಿ ಆರಂಭವಾದ ‘ಇಥೀರಿಯಮ್’ ಎಂಬ ಖಾತೆಪುಸ್ತಕದಲ್ಲಿ ನಾಣ್ಯವಲ್ಲದೆ ಬೇರೆ ವಸ್ತುಗಳ ಒಡೆತನವನ್ನೂ ಬರೆಯುವ ಅನುಕೂಲವಿತ್ತು. ಗಾಡ್ಸ್ ಅನ್‌ಚೈನ್ಡ್ ಕಾರ್ಡುಗಳು ಇದರಲ್ಲಿಯೇ ದಾಖಲಾದವು.

ಇಲ್ಲಿ ಎರಡು ಬಗೆಯ ವಸ್ತುಗಳನ್ನು ಬೇರ್ಪಡಿಸಿ ತಿಳಿಯತಕ್ಕದ್ದು. ಕಾರ್ಡಿಗೆ ಅದರದೇ ಆದ ಕ್ರಮಾಂಕವಿರುತ್ತದೆ, ಒಂದರಂತೆ ಮತ್ತೊಂದಿಲ್ಲ. ಆಟದ ನಾಣ್ಯಕ್ಕೆ, ಎಂದರೆ ಟೋಕನ್ನಿಗೆ, ಈ ಭೇದವಿಲ್ಲ. ಒಂದು ರೂಪಾಯಿಗೆ ಇನ್ನೊಂದು ರೂಪಾಯಿ ಹೇಗೆ ಸಮವೋ ಹಾಗೆಯೇ ಒಂದು ಟೋಕನ್ನಿಗೆ ಇನ್ನೊಂದು ಸಮ.

3. ಉತಾರೆ ಹೇಳುವುದು, ಹೇಳದಿರುವುದು

ನಮ್ಮ ಜತ್ತ ಸೀಮೆಯ ರೈತರಿಗೆ ಸಾತ್‌ಬಾರಾ ಉತಾರೆಯ ಪರಿಚಯವಿದೆ. ಹೊಲ ಯಾರದೆಂದು ಅದು ಹೇಳುತ್ತದೆ. ಮಳೆ ಬರುವುದೇ, ಜೋಳಕ್ಕೆ ಬೆಲೆ ಸಿಕ್ಕುವುದೇ ಎಂಬುದನ್ನು ಅದು ಹೇಳುವುದಿಲ್ಲ. ಬ್ಲಾಕ್‌ಚೈನ್ ಕೂಡ ಹೀಗೆಯೇ. ಕಾರ್ಡು ನಿನ್ನ ಖಾತೆಯಲ್ಲಿದೆಯೆಂಬುದಕ್ಕೆ ಅದು ಸಾಕ್ಷಿ. ಆ ಕಾರ್ಡನ್ನು ನಾಳೆ ಯಾರಾದರೂ ಕೊಳ್ಳುವರೆಂಬುದಕ್ಕೆ ಅಲ್ಲ.

2018ರಲ್ಲಿ ಗಾಡ್ಸ್ ಅನ್‌ಚೈನ್ಡ್ ಆಟದ ‘ಹೈಪೀರಿಯನ್’ ಎಂಬ ಒಂದೇ ಕಾರ್ಡು 146 ಈಥರ್ ನಾಣ್ಯಗಳಿಗೆ, ಎಂದರೆ ಆಗಿನ ಸುಮಾರು 62,000 ಡಾಲರಿಗೆ, ಹರಾಜಾಯಿತು. ಇಂಥ ಸುದ್ದಿಯೇ ಬಾಲಕರ ಕಿವಿಗೆ ಬೇಗ ಮುಟ್ಟುತ್ತದೆ. ಇದರ ಮಗ್ಗುಲಲ್ಲಿ ಇನ್ನೊಂದು ಸಂಗತಿಯನ್ನೂ ಇಟ್ಟು ನೋಡಬೇಕು. ‘ಎಫ್ 1 ಡೆಲ್ಟಾ ಟೈಮ್’ ಎಂಬುದು ಇದೇ ಖಾತೆಪುಸ್ತಕದಲ್ಲಿ ದಾಖಲಾದ ಕಾರುಗಳನ್ನು ಸಂಗ್ರಹಿಸಿ ಓಡಿಸುವ ಆಟವಾಗಿತ್ತು. 2019ರಲ್ಲಿ ಅದರ ಒಂದು ಕಾರಿನ ಚಿತ್ರವು ಒಂದು ಲಕ್ಷ ಡಾಲರಿಗೂ ಮಿಕ್ಕಿ ಮಾರಾಟವಾಯಿತು. 2022ರ ಮಾರ್ಚಿನಲ್ಲಿ ಹೆಸರು ಬಳಸುವ ಪರವಾನಗಿ ಮುಗಿದು ಆಟವೇ ನಿಂತಿತು. ಕಂಪನಿಯು ಬೇರೆ ಆಟದ ವಸ್ತುಗಳನ್ನು ಬದಲಿಯಾಗಿ ಕೊಡುವುದಾಗಿ ಹೇಳಿತು. ಖಾತೆಪುಸ್ತಕದಲ್ಲಿ ಹೆಸರು ಅಳಿಯಲಿಲ್ಲ; ಆದರೆ ಆ ಕಾರನ್ನು ಓಡಿಸಲು ದಾರಿಯೇ ಇಲ್ಲದಾಯಿತು.

4. ಟೋಕನ್ ಮತ್ತು ಜಾತ್ರೆಯ ಚೀಟಿ

ಯಲ್ಲಮ್ಮನ ಜಾತ್ರೆಯಲ್ಲಿ ತೂಗುತೊಟ್ಟಿಲು ಹತ್ತಲು ಚೀಟಿ ಕೊಳ್ಳುತ್ತೇವೆ. ತೊಟ್ಟಿಲಿನ ಒಡೆಯನು ಚೀಟಿಗಳನ್ನು ಬೇಕಾದಷ್ಟು ಹಂಚುತ್ತ ಹೋದರೆ, ಮತ್ತು ಹತ್ತುವವರು ಕಡಿಮೆಯಾದರೆ, ಚೀಟಿಯ ಬೆಲೆ ಏನಾಗುವುದು? ಮಕ್ಕಳೂ ಉತ್ತರ ಹೇಳಬಲ್ಲರು.

ವಿಯೆಟ್ನಾಮಿನ ಕಂಪನಿಯೊಂದರ ‘ಆಕ್ಸಿ ಇನ್ಫಿನಿಟಿ’ ಆಟದಲ್ಲಿ ನಡೆದುದು ಇದೇ. ಅದರಲ್ಲಿ ಮೂರು ಪ್ರಾಣಿಗಳನ್ನು ಕೊಂಡು, ಅವುಗಳ ಕಾರ್ಡುಗಳಿಂದ ಕಾದಾಡಿ ಗೆದ್ದವರಿಗೆ ‘ಎಸ್‌ಎಲ್‌ಪಿ’ ಎಂಬ ಟೋಕನ್ ದೊರೆಯುತ್ತಿತ್ತು. ಕೊರೋನಾ ಕಾಲದಲ್ಲಿ ಕೆಲಸ ಕಳೆದುಕೊಂಡ ಫಿಲಿಪೈನ್ಸಿನ ಅನೇಕರು ಇದನ್ನೇ ಉದ್ಯೋಗವಾಗಿ ಹಿಡಿದರು. 2021ರ ಜುಲೈ ತಿಂಗಳಲ್ಲಿ ಒಂದು ಟೋಕನ್ನಿನ ಬೆಲೆ 30 ಅಮೇರಿಕನ್ ಸೆಂಟುಗಳನ್ನು ಮೀರಿತ್ತು. ಗೆದ್ದವರಿಗೆಲ್ಲ ದಿನಂಪ್ರತಿ ಹೊಸ ಟೋಕನ್ ಹುಟ್ಟುತ್ತಿತ್ತು. ಅದನ್ನು ವೆಚ್ಚಮಾಡುವ ಮುಖ್ಯ ಮಾರ್ಗವೆಂದರೆ ಹೊಸ ಪ್ರಾಣಿಗಳ ಮರಿ ಮಾಡಿಸುವುದು, ಆ ಮರಿಗಳನ್ನು ಕೊಳ್ಳಲು ಹೊಸ ಆಟಗಾರರೇ ಬರಬೇಕು. ಬರುವವರು ಕಡಿಮೆಯಾದರು. 2022ರ ನಡುವಿಗೆ ಅದೇ ಟೋಕನ್ನು ಒಂದು ಸೆಂಟಿಗಿಂತ ಕೆಳಗಿಳಿಯಿತು. ದಿನಕ್ಕೆ 100 ಟೋಕನ್ ಗಳಿಸುವವನಿಗೆ ಮೊದಲು 30 ಡಾಲರ್ ಬಂದರೆ, ಕಡೆಗೆ ಒಂದು ಡಾಲರೂ ಬರಲಿಲ್ಲ. ಅವನ ಶ್ರಮವು ಕಡಿಮೆಯಾಗಿರಲಿಲ್ಲ, ಖಾತೆಯಲ್ಲಿ ಮೋಸವೂ ಇರಲಿಲ್ಲ.

5. ಬೀಗದ ಕೈ ಮತ್ತು ಕಾಯಿದೆ

ಖಾತೆಪುಸ್ತಕವನ್ನು ತಿದ್ದುವುದು ಕಷ್ಟವಾದರೂ, ಒಡೆಯನ ಗುಪ್ತ ಕೀಲಿಯನ್ನು ಕದ್ದವನಿಗೆ ತಿದ್ದುವ ಅವಶ್ಯಕತೆಯೇ ಇಲ್ಲ. 2022ರ ಮಾರ್ಚಿನಲ್ಲಿ ಆಕ್ಸಿ ಆಟದ ಹಣ ಸಾಗುವ ‘ರೋನಿನ್’ ವ್ಯವಸ್ಥೆಯ ಒಂಬತ್ತು ಕೀಲಿಗಳಲ್ಲಿ ಐದನ್ನು ವಶಪಡಿಸಿಕೊಂಡ ಕಳ್ಳರು 60 ಕೋಟಿ ಡಾಲರಿಗೂ ಹೆಚ್ಚಿನ ಹಣವನ್ನು ಒಯ್ದರು. ಆದುದರಿಂದ ತನ್ನ ಗುಪ್ತ ಕೀಲಿಯನ್ನು ಅಪರಿಚಿತರಿಗೆ ಹೇಳುವ ಬಾಲಕನು ಮನೆಯ ಬಾಗಿಲನ್ನೇ ತೆರೆದಿಟ್ಟಂತೆ.

ನಮ್ಮ ದೇಶದಲ್ಲಿ 2022ರ ಹಣಕಾಸು ಕಾಯಿದೆಯು ಇಂಥ ಡಿಜಿಟಲ್ ಆಸ್ತಿಗಳ ಮಾರಾಟದ ಲಾಭಕ್ಕೆ ನೂರಕ್ಕೆ 30ರ ತೆರಿಗೆಯನ್ನು ವಿಧಿಸಿತು. ಒಂದರ ನಷ್ಟವನ್ನು ಮತ್ತೊಂದರ ಲಾಭದಲ್ಲಿ ಕಳೆಯಲು ಅದು ಅವಕಾಶ ಕೊಡಲಿಲ್ಲ. 2025ರಲ್ಲಿ ಸಂಸತ್ತು ಹಣವನ್ನು ಪಣವಾಗಿಡುವ ಆನ್‌ಲೈನ್ ಆಟಗಳನ್ನು ನಿಷೇಧಿಸುವ ಕಾಯಿದೆಯನ್ನೂ ಅಂಗೀಕರಿಸಿತು.

ಉಪಸಂಹಾರ

ಆ ಪಾಲಕರಿಗೆ ಅಂದು ಹೇಳಲಾರದ ಉತ್ತರವನ್ನು ಈಗ ಹೇಳುತ್ತೇನೆ. ನಿಮ್ಮ ಮಗನು ಸುಳ್ಳು ಹೇಳಲಿಲ್ಲ. ಕಾರ್ಡು ಅವನ ಖಾತೆಗೇ ಬರುವುದು. ಅವನು ಹೇಳಿದುದರಲ್ಲಿ ಅರ್ಧ ಮಾತ್ರ ನಿಜ. ಬೆಲೆಯು ಆಟ ನಡೆಸುವವರ ಮತ್ತು ಕೊಳ್ಳಲು ಬರುವವರ ಕೈಯಲ್ಲಿದೆ. ಹಣ ತೆರದೆ ಆಡಲು ಬರುವ ಆಟವಾದರೆ ಬಿಡುವಿನ ವೇಳೆಯಲ್ಲಿ ಅವನು ಆಡಲಿ. ಕಾರ್ಡನ್ನು ಕೊಂಡು ಲಾಭ ಕಾಯುವುದು ಆಟವಲ್ಲ, ವ್ಯಾಪಾರ. ಕಬ್ಬಿನ ಗದ್ದೆಯಲ್ಲಿ ನೀವು ಬೆವರು ಸುರಿಸಿ ತಂದ ಎರಡು ಸಾವಿರವನ್ನು ಇಂಥ ವ್ಯಾಪಾರಕ್ಕೆ ಹಾಕಬೇಡಿರಿ. ಆದರೆ ಈ ಖಾತೆಪುಸ್ತಕವು ಹೇಗೆ ನಡೆಯುವುದೆಂದು ತಿಳಿಯುವ ಕುತೂಹಲ ಅವನಲ್ಲಿದ್ದರೆ ಅದನ್ನು ತಡೆಯಬೇಡಿರಿ; ಅವನನ್ನು ನನ್ನ ಬಳಿಗೆ ಕಳುಹಿಸಿರಿ. ಆ ವಿದ್ಯೆಗೆ ಗಣಿತವೇ ಬಂಡವಾಳ.

ಅಭ್ಯಾಸದ ಪ್ರಶ್ನೆಗಳು

1. ಕಾರ್ಡಿಗೂ ಟೋಕನ್ನಿಗೂ ಇರುವ ವ್ಯತ್ಯಾಸವೇನು?
2. ಒಂದು ಆಟದಲ್ಲಿ ದಿನಕ್ಕೆ 1,000 ಟೋಕನ್ ಹುಟ್ಟಿ 400 ಮಾತ್ರ ವೆಚ್ಚವಾದರೆ, 30 ದಿನಗಳಲ್ಲಿ ಉಳಿಯುವ ಟೋಕನ್ ಎಷ್ಟು? ಅದರಿಂದ ಬೆಲೆಯ ಮೇಲಾಗುವ ಪರಿಣಾಮವೇನು?
3. ಸಾತ್‌ಬಾರಾ ಉತಾರೆಗೂ ಬ್ಲಾಕ್‌ಚೈನಿಗೂ ಇರುವ ಒಂದು ಹೋಲಿಕೆಯನ್ನೂ ಒಂದು ಭೇದವನ್ನೂ ಮನೆಯ ಹಿರಿಯರೊಡನೆ ಚರ್ಚಿಸಿ ಬರೆಯಿರಿ.