ದಾನಕ್ಕೆ ರಸೀದಿ ಏಕೆ?



ಕೃಷ್ಣರಾಜಪೇಟೆಯ ಹಳ್ಳಿಗಳಿಗೆ ಶಾಲೆ ಕಟ್ಟಡ, ಆಸ್ಪತ್ರೆ ಖರ್ಚು ಅಂತ ಚಂದಾ ಕೇಳಿಕೊಂಡು ಬರುವವರು ಇದ್ದೇ ಇರ್ತಾರೆ. ಕೆಲವರು "80ಜಿ ಇದೆ, ತೆರಿಗೆ ಉಳಿಯುತ್ತೆ" ಅಂತಾರೆ. ಏನಿದು?

80ಜಿ ಎಂಬುದು 1961ರ ಆದಾಯ ತೆರಿಗೆ ಕಾಯ್ದೆಯ ಕಲಂ. ಅದರ ರಿಯಾಯಿತಿ 2025ರ ಹೊಸ ಕಾಯ್ದೆಯಲ್ಲೂ ಇದೆ. ಮಾನ್ಯತೆ ಪಡೆದ ಟ್ರಸ್ಟಿಗೆ 1,000 ರೂಪಾಯಿ ಕೊಟ್ಟರೆ ಸಾಮಾನ್ಯವಾಗಿ 500 ರೂಪಾಯಿ ದಾನಿಯ ಆದಾಯದ ಲೆಕ್ಕದಿಂದ ಕಳೆಯುತ್ತದೆ. ಶೇಕಡ 20 ತೆರಿಗೆ ಕಟ್ಟುವವರಿಗೆ ಉಳಿಯುವುದು 100 ರೂಪಾಯಿ, ಅಷ್ಟೆ. 2017ರಿಂದ 2,000 ರೂಪಾಯಿಗಿಂತ ಹೆಚ್ಚು ನಗದು ಕೊಟ್ಟರೆ ರಿಯಾಯಿತಿ ಇಲ್ಲ. ಅಕ್ಕಿ, ರಾಗಿ, ಬಟ್ಟೆಗೂ ಇಲ್ಲ. ಹೊಸ ತೆರಿಗೆ ಪದ್ಧತಿಯಲ್ಲಿರುವವರಿಗೂ ಇಲ್ಲ. ಕಾಯಿಲೆ ಬಿದ್ದ ನೆರೆಯವರ ಕೈಗೆ ಕೊಟ್ಟದ್ದಕ್ಕೂ ಇಲ್ಲ. ಹಾಗಂತ ಕೊಡೋದು ಬಿಡಬೇಕಿಲ್ಲ.

ಆದಾಯ ತೆರಿಗೆಯನ್ನೇ ಕಟ್ಟದ ನಮಗೇಕೆ ಇದು? ಅಮೆರಿಕದ ಹಾರ್ವರ್ಡ್‌ನ ಕಾನೂನು ಪ್ರೊಫೆಸರ್ ಸ್ಟ್ಯಾನ್ಲಿ ಸರ್ರಿ, ಅಲ್ಲಿನ ಖಜಾನೆ ಇಲಾಖೆಯಲ್ಲಿದ್ದಾಗ, 1967ರಲ್ಲಿ ಒಂದು ಮಾತು ಎತ್ತಿದರು: ಸರ್ಕಾರ ಬಿಟ್ಟುಕೊಡುವ ತೆರಿಗೆಯೂ ಸರ್ಕಾರದ ಖರ್ಚೇ. ನಮ್ಮ ಕೇಂದ್ರ ಬಜೆಟ್ಟಿನ ಜೊತೆಗೂ 2006ರಿಂದ ಹೀಗೆ ಬಿಟ್ಟ ತೆರಿಗೆಯ ಲೆಕ್ಕ ಕೊಡುತ್ತಾರೆ. ನಾವು ಸೋಪು ಕೊಂಡಾಗ ಕಟ್ಟುವ ತೆರಿಗೆಯೂ ಖಜಾನೆಗೇ ಹೋಗುವುದಲ್ಲವೇ? ಹಾಗಾಗಿ ದಾನ ಪಡೆದವರಿಂದ ಲೆಕ್ಕ ಕೇಳುವ ಹಕ್ಕು ನಮಗೂ ಇದೆ.

ಇನ್ನೊಂದು ಮಾತು. ಸಂಘದ ಉಳಿತಾಯ ದಾನವಲ್ಲ, ಸದಸ್ಯರದೇ ಹಣ. ಅದಕ್ಕೆ 80ಜಿ ರಸೀದಿ ಕೊಡಲು ಬರುವುದಿಲ್ಲ. ಯಾರಾದರೂ "ದಾನದ ದುಡ್ಡು ನಿಮ್ಮ ಖಾತೆಗೆ ಹಾಕ್ತೀವಿ, ನಗದು ತೆಗೆದು ವಾಪಸ್ ಕೊಡಿ" ಅಂದರೆ ಖಂಡಿತ ಒಪ್ಪಬೇಡಿ. ಪಾಸ್‌ಬುಕ್ಕಿನಲ್ಲಿ ಇರುವುದು ಸಂಘದ ಹೆಸರು. ಉತ್ತರ ಹೇಳಬೇಕಾದವರೂ ನಾವೇ.

ಸಭೆಯಲ್ಲಿ ಚರ್ಚಿಸಿ: ಕಳೆದ ವರ್ಷ ನಾವು ಕೊಟ್ಟ ಚಂದಾಗಳಲ್ಲಿ ಎಷ್ಟಕ್ಕೆ ರಸೀದಿ ಇದೆ?