ಅದೇ ಊರು, ಬೇರೆ ಹೆಸರು

ನಮ್ಮ ಕಲಿಕಾ ಕೇಂದ್ರಕ್ಕೆ ಕೋಲಾರದ ಕಡೆಯ ಒಬ್ಬ ಅಕ್ಕ ಬರುತ್ತಾರೆ. ಒಂದು ಸಂಜೆ ಅವರು ಎರಡು ಹಳೇ ಕಾಗದ ತಂದರು. ಒಂದು ಅವರ ತಾಯಿಯ ಜ್ಞಾನಸ್ನಾನದ ಪತ್ರ. ಇನ್ನೊಂದು ಅವರದೇ ಪತ್ರ. ಎರಡೂ ಒಂದೇ ಊರಿನ ಚರ್ಚಿನವು.

"ಟೀಚರಮ್ಮ, ಅಮ್ಮನ ಪತ್ರದಲ್ಲಿ ಮೈಸೂರು ಅಂತ ಇದೆಯಂತೆ. ನನ್ನದರಲ್ಲಿ ಬೆಂಗಳೂರು ಅಂತ ಇದೆಯಂತೆ. ಒಂದು ಸುಳ್ಳು, ಹರಿದು ಹಾಕು ಅಂತಾರೆ ಮನೇಲಿ. ಏನು ಮಾಡಲಿ?"

"ಹರೀಬೇಡಿ ಅಕ್ಕ. ಮೊದಲು ಇಸವಿ ಓದಿ" ಎಂದೆ.

ಅಕ್ಕ ಬೆರಳಿಟ್ಟು ಓದಿದರು. ಒಂದರಲ್ಲಿ 1938. ಇನ್ನೊಂದರಲ್ಲಿ 1968.

ಈ 30 ವರ್ಷದಲ್ಲಿ ಏನಾಯಿತು? ತಿಳಿಯೋಣ.

ಹಲವು ಊರುಗಳ ಕಥೋಲಿಕ ಚರ್ಚುಗಳು ಸೇರಿ ಒಂದು ಧರ್ಮಕ್ಷೇತ್ರ. ಅದರ ಹಿರಿಯರು ಬಿಷಪ್.

ಹಿಂದೆ ಮೈಸೂರು ಸೀಮೆಯ ಚರ್ಚುಗಳನ್ನು ಫ್ರಾನ್ಸ್ ದೇಶದ ಪಾದ್ರಿಗಳು ನೋಡಿಕೊಳ್ಳುತ್ತಿದ್ದರು. 1886ರಲ್ಲಿ ಮೈಸೂರು ಧರ್ಮಕ್ಷೇತ್ರ ಆಯಿತು. ಹೆಸರು ಮೈಸೂರು. ಬಿಷಪ್ ಇದ್ದದ್ದು ಮಾತ್ರ ಬೆಂಗಳೂರಿನಲ್ಲಿ!

1940ರಲ್ಲಿ ಈ ಧರ್ಮಕ್ಷೇತ್ರ ಎರಡು ಭಾಗ ಆಯಿತು. ಬೆಂಗಳೂರು ಬೇರೆ ಧರ್ಮಕ್ಷೇತ್ರ ಆಯಿತು. ಕೋಲಾರದ ಕಡೆಯ ಚರ್ಚುಗಳು ಬೆಂಗಳೂರಿಗೆ ಸೇರಿದವು.

1953ರಲ್ಲಿ ಬೆಂಗಳೂರಿಗೆ ಇನ್ನೂ ದೊಡ್ಡ ಸ್ಥಾನ ಬಂತು. ಅದು ಮಹಾಧರ್ಮಕ್ಷೇತ್ರ ಆಯಿತು. ಥಾಮಸ್ ಪೋತಕಮೂರಿ ಅವರು ಮೊದಲ ಆರ್ಚ್‌ಬಿಷಪ್ ಆದರು. ಮಹಾಧರ್ಮಕ್ಷೇತ್ರ ಅಂದರೆ ಮನೆಯ ಹಿರಿಯಕ್ಕ ಇದ್ದ ಹಾಗೆ. ಮೈಸೂರು, ಮಂಗಳೂರು ಧರ್ಮಕ್ಷೇತ್ರಗಳು ತಂಗಿಯರ ಹಾಗೆ. ತಂಗಿಯರ ಮನೆಗೆ ಬೇರೆ ಬಿಷಪ್ ಇದ್ದಾರೆ. ಹಿರಿಯಕ್ಕ ಅವರ ಮನೆ ಆಳುವುದಿಲ್ಲ.

ಸರ್ಕಾರದಲ್ಲೂ ಹೀಗೇ ಆಗುತ್ತದೆ. ಚಿಕ್ಕಬಳ್ಳಾಪುರ ಮೊದಲು ಕೋಲಾರ ಜಿಲ್ಲೆಯಲ್ಲಿತ್ತು. 2007ರಲ್ಲಿ ಬೇರೆ ಜಿಲ್ಲೆ ಆಯಿತು. ಊರು ಕದಲಲಿಲ್ಲ. ಕಾಗದದ ಮೇಲಿನ ಹೆಸರು ಬದಲಾಯಿತು.

"ಹಾಗಾದ್ರೆ ಎರಡೂ ನಿಜವೇ!" ಎಂದರು ಅಕ್ಕ. ಎರಡೂ ಪತ್ರಗಳನ್ನು ಜೋಪಾನವಾಗಿ ಮಡಿಸಿ ಸೆರಗಿನಲ್ಲಿ ಕಟ್ಟಿಕೊಂಡರು.

ಅಕ್ಕಂದಿರೇ, ನಿಮ್ಮ ಮನೆಯಲ್ಲೂ ಹಳೇ ಕಾಗದ ಇರುತ್ತವೆ. ಹೆಸರು ಬೇರೆ ಇದೆ ಅಂತ ಬಿಸಾಡಬೇಡಿ. ಮೊದಲು ಇಸವಿ ನೋಡಿ. ತಿಳಿದವರನ್ನು ಕೇಳಿ.

ಓದಿ, ಉತ್ತರ ಹೇಳಿ

1. ತಾಯಿಯ ಪತ್ರದಲ್ಲಿ ಯಾವ ಇಸವಿ ಇತ್ತು?
2. ಬೆಂಗಳೂರು ಬೇರೆ ಧರ್ಮಕ್ಷೇತ್ರ ಆದದ್ದು ಯಾವಾಗ?
3. ಮಹಾಧರ್ಮಕ್ಷೇತ್ರ ಆದದ್ದು ಯಾವಾಗ?
4. ನಿಮ್ಮ ಮನೆಯ ಒಂದು ಹಳೇ ಕಾಗದ ತನ್ನಿ. ಅದರ ಇಸವಿ ಓದಿ, ಬರೆಯಿರಿ.

ಕೂಡಿಸಿ ಓದಿ: ಧರ್ಮ + ಕ್ಷೇತ್ರ = ಧರ್ಮಕ್ಷೇತ್ರ
ಮಹಾ + ಧರ್ಮಕ್ಷೇತ್ರ = ಮಹಾಧರ್ಮಕ್ಷೇತ್ರ